ಅಕ್ಕ ಕೇಳಿದ ಪ್ರಾರ್ಥನೆ

ನಾನು ದೇವರ ಹತ್ತಿರ ಮೊದಲು ಮಾತಾಡಿದ್ದೇ ಬಯ್ಯುವುದಕ್ಕೆ. ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಆಚೀಚೆ ಇರಬೇಕು. ಯಲಹಂಕದ ಹೊರಗೆ ಒಬ್ಬರ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದೆ. ಮೊದಲನೆಯ ಮಗು ತೀರಿಕೊಂಡು ಹದಿನೈದು ದಿನವಾಗಿತ್ತು. ಎದೆಹಾಲು ಇನ್ನೂ ಬತ್ತಿರಲಿಲ್ಲ, ಕೈ ಎತ್ತಿ ಬಳ್ಳಿಯ ಕಡ್ಡಿ ಕತ್ತರಿಸುವಾಗ ರವಿಕೆ ಒದ್ದೆಯಾಗುತ್ತಿತ್ತು. ಅದೇ ದ್ರಾಕ್ಷಿ ಚಪ್ಪರದ ಕೆಳಗೆ ನನ್ನ ಜೊತೆ ಕೆಲಸ ಮಾಡುತ್ತಿದ್ದವಳನ್ನು ಅಕ್ಕ ಎನ್ನುತ್ತಿದ್ದೆ. ಒಡಹುಟ್ಟಿದವಳಲ್ಲ. ನನಗಿಂತ ಏಳೆಂಟು ವರ್ಷ ದೊಡ್ಡವಳು, ಕ್ರೈಸ್ತರ ಮನೆಯವಳು. ಗಂಡ ಯಶವಂತಪುರದ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ. ನಾನು ಒಂದು ದೇವರನ್ನೂ ಬಿಡದೆ ಬಯ್ದುಕೊಳ್ಳುತ್ತಿದ್ದುದನ್ನು ಕೇಳಿ ಅವಳು ಹೇಳಿದಳು.

"ಬಯ್ಯಾದಾದ್ರೆ ಮೇಲಿರೋ ನಮ್ಮಪ್ಪನ್ನ ಬಯ್ಯಿ. ಅವ್ನು ಕೂತ್ಕೊಂಡು ಕೇಳಿಸ್ಕೊತಾನೆ, ಎದ್ದೋಗಲ್ಲ."

ಬಯ್ದೆ. ಏನಯ್ಯ, ನಿಂಗೆ ಕಣ್ಣಿಲ್ವಾ, ನನ್ನ ಮಗುವೇ ಬೇಕಿತ್ತಾ ಅಂತ ಬಯ್ದೆ. ದಿನಾ ಬಯ್ದೆ. ಬಯ್ದು ಬಯ್ದು ಸಾಕಾಗಿ ಬೇರೆ ಮಾತೂ ಆಡತೊಡಗಿದೆ. ಸೊಂಟ ನೋವು, ಮೇಸ್ತ್ರಿಯ ಕಾಟ, ಗಂಡ ಮನೆಗೆ ಬಂದಿದ್ದು, ಬಾರದ್ದು. ನನಗೆ ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಮಾತ್ರ ಗೊತ್ತಾಗುತ್ತಿತ್ತು. ಎರಡು ವರ್ಷ ಕಳೆದ ಮೇಲೆ ದೀಕ್ಷಾಸ್ನಾನ ತಗೊಂಡೆ. ಗಂಡ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ಚರ್ಚಿನ ಸಭೆಗೆ ಸೇರಿದ ಮೇಲೆ ಪಾದ್ರಿ ಅಯ್ಯನವರ ಹೆಂಡತಿ ನನ್ನನ್ನು ತಿದ್ದಿದರು. ಒಳ್ಳೆಯ ಹೆಂಗಸು, ಅವರ ತಪ್ಪೇನೂ ಇಲ್ಲ. ದೇವರನ್ನು ಏನಯ್ಯ ಅನ್ನಬಾರದು, ಕೃಪೆಯುಳ್ಳ ತಂದೆಯೇ ಅನ್ನಬೇಕು ಎಂದು ಹೇಳಿಕೊಟ್ಟರು. ನನಗೆ ಓದು ಬರುವುದು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವಷ್ಟು. ಆದರೆ ಕಿವಿ ಚುರುಕು. ಒಂದು ಸಲ ಕೇಳಿದ್ದು ಬಾಯಿಗೆ ಬಂದುಬಿಡುತ್ತಿತ್ತು. ಯಾವ ಮಾತಿಗೆ ದನಿ ಏರಿಸಬೇಕು, ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಅಳು ತರಬೇಕು, ಎಲ್ಲಾ ಕಲಿತೆ. ಬುಧವಾರ ಬುಧವಾರ ಮನೆ ಪ್ರಾರ್ಥನೆ ಇರುತ್ತಿತ್ತು. ಒಂದು ವಾರ ಹೆಬ್ಬಾಳ, ಒಂದು ವಾರ ಸಂಜಯನಗರ, ಒಂದು ವಾರ ಆರ್‌ಟಿ ನಗರ. ಯಾರ ಮನೆಯಾದರೂ ಕೊನೆಗೆ ನನ್ನನ್ನೇ ಪ್ರಾರ್ಥಿಸಲು ಹೇಳುತ್ತಿದ್ದರು.

ಇದ್ದದ್ದನ್ನು ಹೇಳಿಬಿಡುತ್ತೇನೆ. ಸಂಜಯನಗರದಲ್ಲಿ ಆಫೀಸಿಗೆ ಹೋಗುವವರ ಮನೆಗಳಲ್ಲಿ ನನಗೆ ಕುರ್ಚಿ ಹಾಕುತ್ತಿದ್ದರು. ತೋಟದ ಕೂಲಿಯವಳಿಗೆ ಕುರ್ಚಿ. ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟು, ಅಮ್ಮ, ನಮ್ಮ ಮಗಳ ಮದುವೆಗೆ ಪ್ರಾರ್ಥನೆ ಮಾಡಿ, ನಮ್ಮವರ ಟ್ರಾನ್ಸ್‌ಫರಿಗೆ ಪ್ರಾರ್ಥನೆ ಮಾಡಿ ಎನ್ನುತ್ತಿದ್ದರು. ಮಾಡುತ್ತಿದ್ದೆ. ಹೆಸರು ಬದಲಾಗುತ್ತಿತ್ತು, ಮಿಕ್ಕಿದ್ದೆಲ್ಲ ಅದೇ. ಕಣ್ಣು ಮುಚ್ಚಿ ಹೇಳುತ್ತಾ ಇರುವಾಗಲೇ ಮನೆಯಲ್ಲಿ ಸಾರಿಗೆ ಬೇಳೆ ಇದೆಯಾ ಎಂದು ಯೋಚಿಸುತ್ತಿದ್ದೆ. ಅದರಿಂದ ಪ್ರಾರ್ಥನೆಗೆ ಏನೂ ಕುಂದಾಗುತ್ತಿರಲಿಲ್ಲ. ಜನ ಅಳುತ್ತಿದ್ದರು.

ಎಂಬತ್ತನೇ ಇಸವಿ ದಾಟಿದ ಮೇಲೆ ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಆಯಿತು. ಆಸ್ಪತ್ರೆಯಲ್ಲಿ ಕೊಯ್ದು ನೋಡಿ, ಹಾಗೇ ಹೊಲಿದು ಮನೆಗೆ ಕಳಿಸಿದರು. ಅಂದರೆ ಏನರ್ಥ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಲ್ಕು ತಿಂಗಳು ಮಲಗಿದ್ದಳು. ನಾಲ್ಕು ತಿಂಗಳೂ ಪ್ರತಿ ಬುಧವಾರ ಅವಳ ಹೆಸರು ಹೇಳಿ ಪ್ರಾರ್ಥಿಸಿದೆವು. ರೋಗದ ಹಾಸಿಗೆಯಲ್ಲಿರುವ ನಿನ್ನ ಮಗಳನ್ನು ಮುಟ್ಟು, ಎಬ್ಬಿಸಿ ನಿಲ್ಲಿಸು, ನಿನ್ನ ಸಾಕ್ಷಿಯಾಗಿ ನಡೆಸು ಎಂದು ನಾನು ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಗಂಜಿ ತಗೊಂಡು ಒಬ್ಬಳೇ ಹೋಗಿದ್ದೆ. ಎರಡು ಗುಟುಕು ಕುಡಿದು ಬೇಡವೆಂದು ತಳ್ಳಿದಳು. ನನ್ನ ಕೈ ಹಿಡಿದುಕೊಂಡಳು. ಕೈ ಬರೀ ಮೂಳೆ.

"ನಂಗೆ ಭಯ ಆಯ್ತದೆ ಕಣೆ. ಗಂಡನ್ ಹತ್ರ ಏನೂ ಹೇಳಾಂಗಿಲ್ಲ, ಅವ್ನು ಕುಸ್ದೋಯ್ತಾನೆ. ವಾಸಿ ಮಾಡು ಅಂತ ಕೇಳ್ಬೇಡ, ಅದಾಗಲ್ಲ. ಇವಳಿಗೆ ಭಯ ಆಯ್ತದೆ, ಜೊತೆಗಿರು ಅಂತ ಅಷ್ಟು ಮಾತ್ರ ಅವನ್ಗೆ ತಿಳ್ಸು. ತೋಟದಾಗೆ ಮಾತಾಡ್ತಿದ್ಯಲ್ಲ, ಅಂಗೆ."

ಆಗಲಿ ಅಂದೆ. ಕಣ್ಣು ಮುಚ್ಚಿದೆ. ಕೃಪೆಯುಳ್ಳ ತಂದೆಯೇ ಎಂದು ಶುರುವಾಯಿತು. ಶುರುವಾದದ್ದು ನಿಲ್ಲಲಿಲ್ಲ. ರೋಗದ ಹಾಸಿಗೆಯೂ ಬಂತು, ಎಬ್ಬಿಸಿ ನಿಲ್ಲಿಸುವುದೂ ಬಂತು. ಬಸ್ಸು ತನ್ನ ದಾರಿಯಲ್ಲಿ ಹೋದ ಹಾಗೆ ಹೋಗಿ ಆಮೆನ್ ಹತ್ತಿರ ನಿಂತಿತು. ಭಯದ ಮಾತು ಬರಲೇ ಇಲ್ಲ. ಕಣ್ಣು ಬಿಟ್ಟಾಗ ಅವಳು ನನ್ನನ್ನೇ ನೋಡುತ್ತಿದ್ದಳು.

"ನೀನು ನಂಗೋಸ್ಕರ ಮಾಡ್ಲಿಲ್ಲ ಕಣೆ. ಬುಧವಾರಕ್ಕೋಸ್ಕರ ಮಾಡ್ದೆ," ಅಂದಳು.

ನನಗೆ ಸಿಟ್ಟು ಬಂತು. ಊರೆಲ್ಲ ಕರೆಯುವ ಪ್ರಾರ್ಥನೆ, ಇವಳಿಗೆ ಸಾಲದು ಅನಿಸಿತು. ಪಾತ್ರೆ ತೊಳೆದುಕೊಂಡು ಎದ್ದು ಬಂದೆ. ಆಮೇಲೆ ಎರಡು ವಾರ ಸಭೆಯವರ ಜೊತೆಯಲ್ಲಿ ಹೋದೆನೇ ಹೊರತು ಒಬ್ಬಳೇ ಹೋಗಲಿಲ್ಲ. ಗುಂಪಿನಲ್ಲಿ ಅವಳು ಏನೂ ಕೇಳಲಿಲ್ಲ. ಮೂರನೆಯ ವಾರ ಶುಕ್ರವಾರ ಬೆಳಿಗ್ಗೆ ಹೋಗಿಬಿಟ್ಟಳು. ನಾನೇ ಮೈ ತೊಳೆದೆ, ನಾನೇ ಬಿಳಿ ಸೀರೆ ಉಡಿಸಿದೆ. ಪೆಟ್ಟಿಗೆ ಇಳಿಸಿದ ಮೇಲೆ ಅವಳ ಗಂಡ ಮೊದಲ ಹಿಡಿ ಮಣ್ಣು ಹಾಕಿದ, ಎರಡನೆಯದು ನಾನು ಹಾಕಿದೆ.

ಅದರ ಮುಂದಿನ ಬುಧವಾರ ದುಃಖದ ಮನೆಯೆಂದು ಅಲ್ಲೇ ಪ್ರಾರ್ಥನೆ ಇಟ್ಟರು. ಹದಿನೈದು ಇಪ್ಪತ್ತು ಜನ ಚಾಪೆಯ ಮೇಲೆ ಕೂತಿದ್ದರು. ಅಯ್ಯನವರು ಬೈಬಲ್ ವಾಕ್ಯ ಓದಿ ನನಗೆ ಪ್ರಾರ್ಥಿಸಲು ಹೇಳಿದರು. ಕಣ್ಣು ಮುಚ್ಚಿದೆ. ಅದೇ ಮನೆ, ಅದೇ ಗೋಡೆ, ಅದೇ ಹೊತ್ತು. ನಾಲಿಗೆ ಅದರ ಪಾಡಿಗೆ ಹೊರಟಿತು. ರೋಗದ ಹಾಸಿಗೆಯಲ್ಲಿರುವ ನಿನ್ನ ಮಗಳನ್ನು ಮುಟ್ಟು ತಂದೆಯೇ, ಎಬ್ಬಿಸಿ ನಿಲ್ಲಿಸು ಎಂದೆ. ಹೆಸರನ್ನೂ ಹೇಳಿದೆ. ಎಲ್ಲರೂ ಆಮೆನ್ ಎಂದರು. ಒಬ್ಬರೂ ತಡವರಿಸಲಿಲ್ಲ. ಅವರ ಕಿವಿಯೂ ನನ್ನ ನಾಲಿಗೆಯ ಹಾಗೇ ಆಗಿತ್ತು.

ಅಕ್ಕನ ಗಂಡ ಮಾತ್ರ ಅನ್ನಲಿಲ್ಲ. ಗೋಡೆಗೆ ಒರಗಿ ಕೂತವನು ನಿಧಾನವಾಗಿ ಕೇಳಿದ.

"ಮಣ್ಣಾಕ್ದಾಗ ನೀನೂ ಇದ್ಯಲ್ಲಮ್ಮ. ಈಗ ಎದ್ ಬಂದ್ರೆ ಎಲ್ಲಿ ಚಾಪೆ ಹಾಕ್ಲಿ ಅವ್ಳಿಗೆ?"

ಆಗ ಎಲ್ಲರಿಗೂ ತಿಳಿಯಿತು. ಒಬ್ಬಳು ಸೆರಗು ಬಾಯಿಗೆ ಹಿಡಿದಳು, ನಗುವುದಕ್ಕೋ ಅಳುವುದಕ್ಕೋ ಗೊತ್ತಿಲ್ಲ. ಅಯ್ಯನವರು ಬುದ್ಧಿವಂತರು. ಅಮ್ಮ ಹೇಳಿದ್ದು ಕಡೆಯ ದಿನದ ಪುನರುತ್ಥಾನದ ವಿಷಯ, ಸತ್ತವರು ಎದ್ದು ನಿಲ್ಲುತ್ತಾರೆ ಎಂಬ ನಮ್ಮ ನಿರೀಕ್ಷೆಯ ವಿಷಯ ಎಂದು ಎರಡು ಮಾತು ಸೇರಿಸಿದರು. ಜನರಿಗೆ ಉಸಿರು ಬಂದಂತಾಯಿತು, ಮತ್ತೊಂದು ಸಲ ಆಮೆನ್ ಎಂದರು. ಇಲ್ಲ, ನಾನು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ, ಅವಳು ಸತ್ತದ್ದೇ ಮರೆತುಹೋಗಿತ್ತು ಎಂದು ನಾನು ಅನ್ನಬಹುದಿತ್ತು. ಅನ್ನಲಿಲ್ಲ. ತಲೆ ತಗ್ಗಿಸಿ ಕೂತೆ. ದೊಡ್ಡ ಅರ್ಥದ ಮಾತು ಆಡಿದವಳ ಹಾಗೆ ಕೂತೆ.

ಅಕ್ಕನ ಗಂಡ ಅಲ್ಲಿಂದ ಸಭೆಗೆ ಬರುವುದನ್ನು ಬಿಟ್ಟ. ಮನೆ ಖಾಲಿ ಮಾಡಿ ಯಶವಂತಪುರದಲ್ಲೇ ಯಾರೋ ಕೂಲಿಯವರ ಜೊತೆ ಇದ್ದಾನೆ ಎಂದು ಕೇಳಿದೆ. ನಾನು ಬಿಡಲಿಲ್ಲ. ಮುಂದಿನ ಬುಧವಾರವೂ ಕರೆದರು, ಹೋದೆ, ಚೆನ್ನಾಗಿಯೇ ಮಾಡಿದೆ. ಮನೆಯಲ್ಲಿ ಒಬ್ಬಳೇ ಕೂತು ಅಕ್ಕನ ವಿಷಯ ದೇವರ ಹತ್ತಿರ ಮಾತಾಡೋಣ ಎಂದು ಬಾಯಿ ತೆರೆದರೂ ಬುಧವಾರದ್ದೇ ಬರುತ್ತಿತ್ತು. ಬಾಯಿ ಮುಚ್ಚಿದರೆ ಏನೂ ಇರುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದವರು ಇದ್ದಾರೋ ಎದ್ದು ಹೋದರೋ, ಅದೂ ತಿಳಿಯುತ್ತಿರಲಿಲ್ಲ.

ಆರು ತಿಂಗಳು ತಡೆದೆ. ಆಮೇಲೆ ದೇವರಿಗೆ ಹೇಳಲಾಗದ್ದನ್ನು ಅವಳ ಗಂಡನಿಗಾದರೂ ಹೇಳಿಬಿಡೋಣ ಎಂದು ಯಶವಂತಪುರಕ್ಕೆ ಹೋದೆ. ಗೂಡ್ಸ್ ಶೆಡ್ಡಿನ ಮುಂದೆ ಗೋಣಿ ತಲೆಗೆ ಹಾಕಿಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಮರ್ಯಾದಸ್ಥ ಮನುಷ್ಯ, ಅಂಗಡಿಯಿಂದ ಟೀ ತರಿಸಿದ. ನಾನು ಇನ್ನೂ ಶುರು ಮಾಡಿರಲಿಲ್ಲ, ಅವನೇ ಕೇಳಿದ.

"ನಿನ್ ಹತ್ರ ಎಲ್ಲಾ ಹೇಳ್ಕೊತಿದ್ಳು. ಕಡೇಗೆ ಅವ್ಳಿಗೆ ಭಯ ಏನಾದ್ರೂ ಇತ್ತೇನಮ್ಮ?"

ಅದನ್ನು ಹೇಳುವುದಕ್ಕೇ ಬಂದಿದ್ದೆ. ಇತ್ತು ಬಾವ, ಜೊತೆಗಿರು ಅಂತ ಕೇಳಿದಳು, ನಾನು ಕೇಳಿಸಿಕೊಳ್ಳಲಿಲ್ಲ ಎಂದು ಹೇಳಬೇಕಿತ್ತು. ಸಾವಾದ ಎಷ್ಟೋ ಮನೆಗಳಲ್ಲಿ ನಾನು ಹೇಳಿದ್ದ ಮಾತೊಂದಿತ್ತು. ಅದೇ ಬಂತು. ಸಮಾಧಾನದಿಂದ ಹೋದರು, ಕರ್ತನ ಕೈ ಹಿಡಿದುಕೊಂಡು ಹೋದರು ಎಂದೆ. ಸಭೆಯಲ್ಲಿ ಸಾಕ್ಷಿ ಹೇಳುವ ದನಿಯಲ್ಲೇ ಅಂದೆ.

ಅವನು ಟೀ ಲೋಟ ಕೆಳಗಿಟ್ಟ.

"ಸಾಯೋ ಹಿಂದಿನ್ ದಿನ ನನ್ ಅಂಗಿ ಹಿಡ್ಕೊಂಡು ಬಿಡ್ಲಿಲ್ಲ ಕಣಮ್ಮ ಅವ್ಳು," ಅಂದ. ವ್ಯಾಗನ್ ಬಂದಿತೆಂದು ಯಾರೋ ಕೂಗಿದರು. ಗೋಣಿ ಸರಿಮಾಡಿಕೊಂಡು ಒಳಗೆ ಹೋದ. ಮತ್ತೆ ತಿರುಗಿ ನೋಡಲಿಲ್ಲ.