ಹಿಂದಿನ ಗೇಟಿನ ಟರ್ಮಿನಲ್

ಹೆಂಡತಿ ತೀರಿಕೊಂಡು ತಿಂಗಳಾದ ಮೇಲೆ ದಾಬಸ್‌ಪೇಟೆಯ ಗೋಡೌನಿನವರು ಅವಳ ಕೆಲಸವನ್ನು ನನಗೆ ಕೊಟ್ಟರು. ಬಂದ ಸರಕಿನ ಲೆಕ್ಕವನ್ನು ಟರ್ಮಿನಲ್‌ನಲ್ಲಿ ಏರಿಸುವ ಕೆಲಸ. ಟರ್ಮಿನಲ್ ಎಂದರೆ ಹಸಿರು ಅಕ್ಷರದ ಪರದೆ, ಒಂದು ಕೀಬೋರ್ಡ್, ಅಷ್ಟೆ. ಲೆಕ್ಕವೆಲ್ಲ ಇರುವುದು ಬೆಂಗಳೂರಿನ ಕಚೇರಿಯ ದೊಡ್ಡ ಕಂಪ್ಯೂಟರಿನಲ್ಲಿ.

ಮೊದಲ ದಿನ ಮುಂದಿನ ಗೇಟಿನ ಟರ್ಮಿನಲ್ಲಿಗೆ ಕೂರಿಸಿ ಸೂಪರ್‌ವೈಸರ್, "ನಿಮ್ಮ ಐಡಿ ಬರೋವರ್ಗೂ ಅವ್ರದ್ದೇ ಹಾಕಿ" ಎಂದರು. ಅವಳ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಈ ಐಡಿ ಈಗಾಗಲೇ ಬಳಕೆಯಲ್ಲಿದೆ ಎಂದು ಇಂಗ್ಲಿಷಿನಲ್ಲಿ ಬಂತು. ಮತ್ತೆ ಒತ್ತಿದೆ. ಮತ್ತೆ ಅದೇ.

ಸೂಪರ್‌ವೈಸರ್ ಬೆಂಗಳೂರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಅವಳು ತೀರಿಕೊಂಡದ್ದು ಆ ಕಡೆಯ ಹುಡುಗನಿಗೆ ಗೊತ್ತಿರಲಿಲ್ಲ.

"ಏನ್ ಗುರು, ಆ ಮೇಡಂ ಒಳಗೇ ಇದಾರಲ್ಲ! ಹಿಂದಿನ ಗೇಟ್ ರೂಮಲ್ಲಿ ಕೂತವ್ರೆ. ಮೊದ್ಲು ಅವ್ರನ್ನ ಆಚೆ ಬರೋಕೆ ಹೇಳಿ."

ಸೂಪರ್‌ವೈಸರ್ ಫೋನ್ ಇಟ್ಟರು. ಇಬ್ಬರೂ ಹಿಂದಿನ ಗೇಟಿನ ಕಡೆ ಹೋದೆವು.

ಆ ರೂಮಿಗೆ ಅವಳು ತೀರಿಕೊಂಡ ದಿನದಿಂದ ಬೀಗ. ಅವಳ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ಬಂದು ತೆಗೆದಳು. ಮೇಜಿನ ಮೇಲೆ ನೀಲಿ ಹೊದಿಕೆ. ಮನೆಯಲ್ಲಿ ಹಳೆಯ ಸೀರೆ ಕತ್ತರಿಸಿ ಅವಳು ಅದನ್ನು ಹೊಲಿಯುತ್ತಿದ್ದಾಗ, "ಯಾರಿಗೆ ಕಣೇ ಲಂಗ?" ಎಂದು ರೇಗಿಸಿದ್ದೆ. "ನಮ್ಮ ಟರ್ಮಿನಲ್‌ಗೆ. ನಿಮ್ಗಿಂತ ಹೇಳಿದ್ ಮಾತ್ ಕೇಳತ್ತೆ" ಎಂದಿದ್ದಳು.

ಹೊದಿಕೆಯೊಳಗೆ ಬೆಳಕಿತ್ತು.

"ಆಫ್ ಆಗೈತೆ ಅಂದ್ಕೊಂಡು ನಾನೇ ಮುಚ್ಚಿದ್ದೆ ಅಣ್ಣಾ" ಎಂದು ಹುಡುಗಿ ಅಳತೊಡಗಿದಳು.

ಎತ್ತಿ ನೋಡಿದೆ. ಲಾರಿಯ ನಂಬರು ಅರ್ಧಕ್ಕೆ ನಿಂತಿತ್ತು. ಮುಂದಿನ ಅಂಕಿಯ ಜಾಗದಲ್ಲಿ ಒಂದು ಸಣ್ಣ ಗೆರೆ ಮಿನುಗುತ್ತಿತ್ತು.

"ಚೀಟೀಲಿ ನಂಬರ್ ಅಳಿಸೋಗಿತ್ತು. ನೋಡ್ಕೊಂಡ್ ಬರ್ತೀನಿ ಇರೇ ಅಂತ ಅಕ್ಕ ಎದ್ದೋದ್ರು."

ಅಂಗಳದಲ್ಲಿ ಅವಳು ಕುಸಿದದ್ದು ಮಾತ್ರ ನನಗೆ ಗೊತ್ತಿತ್ತು. ಯಾಕೆ ಎದ್ದು ಹೋಗಿದ್ದಳೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳನ್ನು ಮಣ್ಣು ಮಾಡಿ, ತಿಥಿ ಮುಗಿಸಿ, ಮನೆ ತೊಳೆದು ಆಗಿತ್ತು. ಇಲ್ಲಿ ಮಾತ್ರ ಅವಳು ಈಗ ತಾನೇ ಎದ್ದು ಹೋದ ಹಾಗಿತ್ತು.

"ಬೆಂಗಳೂರಿಂದಾನೇ ಕಟ್ ಮಾಡಿಸ್ತೀನಿ, ನೀವು ಬನ್ನಿ" ಎಂದರು ಸೂಪರ್‌ವೈಸರ್.

"ಬೇಡ ಸಾರ್. ಆಚೆ ಬರೋಕೆ ಯಾವ ಕೀ ಅಂತ ಹೇಳಿ."

ಅವರು ತೋರಿಸಿದ್ದನ್ನು ಒತ್ತಿದೆ. ಅರ್ಧ ನಂಬರು ಹೋಯಿತು. ಖಾಲಿ ಪರದೆಯ ಮೂಲೆಯಲ್ಲಿ ಹೆಸರು ಕೇಳುವ ಸಾಲು ಬಂತು. ಅವಳ ಕುರ್ಚಿಯಲ್ಲೇ ಕೂತು ಅವಳ ಹೆಸರು ಹಾಕಿದೆ.

ಈ ಸಲ ಒಳಗೆ ಬಿಟ್ಟಿತು.