ಲಿಫ್ಟಿನಲ್ಲಿ ಹಾಡಿದ ಅಜ್ಜಿ

ಎಪ್ಪತ್ತು ದಾಟಿದ ಆ ಹೆಂಗಸು ಕಪ್ಪು ಚರ್ಮದ ಜಾಕೆಟ್ ತೊಟ್ಟು, ಕೊರಳಿಗೆ ಕೆಂಪು ಟವೆಲ್ ಸುತ್ತಿಕೊಂಡು ಕಸದ ಚೀಲ ಇಡಲು ಹೋಗುತ್ತಿದ್ದರು. ಗಿಡ್ಡಗೆ ಕತ್ತರಿಸಿದ ಬಿಳಿಗೂದಲು, ತೀಡಿದ ಹುಬ್ಬು. ಬಾಯಲ್ಲಿ ಸದಾ ಒಂದು ಹಾಡು. ದನಿ ಮಾತ್ರ ತಳ ಹಿಡಿದ ಪಾತ್ರೆಯನ್ನು ಸೌಟಿನಿಂದ ಕೆರೆದ ಹಾಗೆ.

ಜಪಾನಿನ ಇಚಿಕಾವಾದಲ್ಲಿ, ಏಳನೇ ಮಹಡಿಯ ನಮ್ಮ ಮನೆಗೆ ಎದುರು ಮನೆ ಅವರದು. ಹಾಡುತ್ತಿದ್ದುದೆಲ್ಲ ಒಬ್ಬನೇ ರಾಕ್ ಗಾಯಕನ ಹಾಡುಗಳು. ಈಗ ಮುದುಕನಾಗಿರುವ ಆತನ ದನಿ ಈ ದೇಶದಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲೂ ಟ್ಯಾಕ್ಸಿಯಲ್ಲೂ ಇಂದಿಗೂ ಕೇಳುತ್ತದೆ. ಹರೆಯದಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ ಕೈಗವಸು ಮಾರುತ್ತಿದ್ದ ಕಾಲದಿಂದ ಅವರು ಆತನ ಅಭಿಮಾನಿ. "ಗಂಡ ಎರಡನೆಯವನು. ಮೊದಲನೆಯವನು ಅವನೇ," ಎಂದು ಕಣ್ಣು ಮಿಟುಕಿಸುತ್ತಿದ್ದರು.

ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ. ಆ ಕನ್ನಡ ಪದದ ಅರ್ಥ ತಿಳಿದ ಮೇಲಂತೂ, ಇಲ್ಲಿಯವರ ಹಾಗೆ ಹೆಸರಿಗೆ ಗೌರವದ ಸಾನ್ ಸೇರಿಸಿ ಕರೆದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಲಿಫ್ಟ್ ಮಾತ್ರ ಹತ್ತುತ್ತಿರಲಿಲ್ಲ. ಕೈಯಲ್ಲಿ ಅಕ್ಕಿ ಚೀಲವಿದ್ದರೂ ಮೆಟ್ಟಿಲೇ. ವ್ಯಾಯಾಮದ ಹುಚ್ಚು ಎಂದುಕೊಂಡಿದ್ದೆ.

ನಾನೋ, ಮೈಸೂರಿನಲ್ಲಿ ನೆಲ ಅಲುಗುವುದನ್ನು ಕಂಡವಳಲ್ಲ. ಇಲ್ಲಿ ಚಾವಣಿಯ ದೀಪ ತೂಗಿದರೂ, ಫೋನಿನಲ್ಲಿ ಭೂಕಂಪದ ಎಚ್ಚರಿಕೆ ಕೂಗಿದರೂ ಕೈಕಾಲು ತಣ್ಣಗಾಗುತ್ತಿದ್ದವು. ಬಸುರಿಯಾದ ಮೇಲೆ ಅದು ಇನ್ನೂ ಹೆಚ್ಚಾಯಿತು. ನೆಲ ಅಲುಗಿದಾಗಲೆಲ್ಲ ಅಜ್ಜಿ ಬಾಗಿಲು ಬಡಿದು, "ಇದ್ದೀಯಾ?" ಎಂದು ಕೇಳಿ ಹೋಗುತ್ತಿದ್ದರು.

ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಮೂರು ವಾರವಿರುವಾಗ ಒಂದು ಮಧ್ಯಾಹ್ನ ನೋವು ಶುರುವಾಯಿತು. ಗಂಡ ಶಿನಾಗಾವಾದ ಆಫೀಸಿನಲ್ಲಿದ್ದ.

"ಟ್ಯಾಕ್ಸಿ ಬುಕ್ ಮಾಡಿದೀನಿ ಕಣೇ, ಕೆಳಗೆ ಬರುತ್ತೆ. ನಾನ್ ಡೈರೆಕ್ಟಾಗಿ ಹಾಸ್ಪಿಟಲ್‌ಗೆ ಬರ್ತೀನಿ. ಹೆದರ್ಕೋಬೇಡ," ಎಂದ ಫೋನಿನಲ್ಲಿ.

ಎದುರು ಮನೆಯ ಬಾಗಿಲು ಬಡಿದೆ. ಅಜ್ಜಿ ನನ್ನ ಮುಖ ನೋಡಿ ಏನೂ ಕೇಳದೆ ಚೀಲ ಕಿತ್ತುಕೊಂಡರು. ಲಿಫ್ಟಿನ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ತುಟಿ ಬಿಳಿಚಿತ್ತು. ಆಮೇಲೆ ನನ್ನ ತೋಳು ಹಿಡಿದು ಒಳಗೆ ಬಂದರು.

ನಾಲ್ಕನೇ ಮಹಡಿ ದಾಟುವಷ್ಟರಲ್ಲಿ ಇಬ್ಬರ ಫೋನೂ ಒಟ್ಟಿಗೆ ಕೂಗಿದವು. ಲಿಫ್ಟನ್ನು ಯಾರೋ ಎತ್ತಿ ಕುಕ್ಕಿದಂತಾಯಿತು. ಪಕ್ಕದ ಗೋಡೆಗೆ ಬಡಿದು ನಿಂತಿತು. ದೀಪ ಆರಿತು. ಮೂಲೆಯಲ್ಲಿ ಮಂಕು ಬೆಳಕೊಂದು ಹೊತ್ತಿತು. ಮೇಲೆಲ್ಲೋ ತಂತಿ ನರಳುತ್ತಿತ್ತು. ನಾನು ಕಿರುಚಿದೆ.

ಅಜ್ಜಿ ಸಹಾಯದ ಗುಂಡಿ ಒತ್ತಿದರು. "ಸುಮಿಮಾಸೆನ್, ಕ್ಷಮಿಸಿ. ಊರ ತುಂಬ ಲಿಫ್ಟುಗಳು ನಿಂತಿವೆ. ನಮ್ಮವರು ಬರುವವರೆಗೆ ದಯವಿಟ್ಟು ಕಾಯಿರಿ," ಎಂದಿತು ಸ್ಪೀಕರಿನ ದನಿ.

"ಇಲ್ಲೊಬ್ಬಳು ಹೆರಿಗೆ ನೋವು ತಿನ್ನುತ್ತಿದ್ದಾಳೆ!" ಅಜ್ಜಿ ಗದರಿದರು. ದನಿ ಮತ್ತೆ ಸುಮಿಮಾಸೆನ್ ಎಂದಿತು.

ಇನ್ನೊಮ್ಮೆ ಅಲುಗಿತು. ಅಮ್ಮಾ ಎನ್ನುತ್ತ ನೆಲಕ್ಕೆ ಕುಸಿದೆ. ಮಗು ಈ ಕಬ್ಬಿಣದ ಪೆಟ್ಟಿಗೆಯಲ್ಲೇ ಬಂದುಬಿಟ್ಟರೆ? ಬಂದು ಅಳದೇ ಹೋದರೆ? ಅಜ್ಜಿ ಜಾಕೆಟ್ ಬಿಚ್ಚಿ ನನ್ನ ಬೆನ್ನಿಗೆ ಕೊಟ್ಟು ಪಕ್ಕದಲ್ಲಿ ಕುಳಿತರು. ಅವರ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು.

"ನಿಮಗೂ ಭಯವಾ, ಅಜ್ಜಿ?" ಮುರುಕು ಜಪಾನಿಯಲ್ಲಿ ಕೇಳಿದೆ.

"ತುಂಬಾ," ಎಂದರು. "2011ರ ಆ ದೊಡ್ಡ ಭೂಕಂಪದ ದಿನ ಸ್ಟೋರಿನ ಲಿಫ್ಟಿನಲ್ಲಿ ಒಬ್ಬಳೇ ಸಿಕ್ಕಿಕೊಂಡಿದ್ದೆ. ಆಮೇಲೆ ಲಿಫ್ಟಿಗೆ ಕಾಲಿಟ್ಟಿದ್ದು ಇವತ್ತೇ."

"ಅವತ್ತು ಏನು ಮಾಡಿದಿರಿ?"

"ಅವನ ಹಾಡೆಲ್ಲ ಹಾಡಿದೆ. ಕೇಳುವವರು ಯಾರೂ ಇರಲಿಲ್ಲ."

ಹಾಡತೊಡಗಿದರು. ನೋವು ಏರುವಾಗ ವೇಗದ ಹಾಡು: ಕಡಲ ದಂಡೆಯ ಹೆದ್ದಾರಿಯಲ್ಲಿ ಕಾರು ಓಡಿಸುವವನದು. ಅದರ ತಾಳಕ್ಕೆ ಉಸಿರು ಬಿಡು ಎಂದು ನನ್ನ ಭುಜ ತಟ್ಟುತ್ತಿದ್ದರು. ನೋವು ಇಳಿದಾಗ ನಿಧಾನದ ಹಾಡು: ಬಿಟ್ಟುಹೋದವಳ ಕಿಟಕಿಯಲ್ಲಿ ದೀಪವಿದೆಯೇ ಎಂದು ಕೇಳುವವನದು. ಅರ್ಧ ಪದಗಳು ನನಗೆ ತಿಳಿಯುತ್ತಿರಲಿಲ್ಲ. ಲಿಫ್ಟ್ ಅಲುಗಿದಾಗ ಅವರ ದನಿ ಒಡೆಯುತ್ತಿತ್ತು. ಒಮ್ಮೆ ಪೂರ್ತಿ ನಿಂತೇಹೋಯಿತು. ಕಣ್ಣರಳಿಸಿ ಚಾವಣಿ ನೋಡುತ್ತಿದ್ದರು, ತಾವು ಅಲ್ಲಿ ಇಲ್ಲವೇ ಇಲ್ಲವೆಂಬ ಹಾಗೆ. ನನಗೆ ಭೂಕಂಪಕ್ಕಿಂತ ಆ ಮೌನವೇ ಭಯಂಕರವಾಗಿತ್ತು.

"ಅಜ್ಜಿ, ಹಾಡಿ! ನಿಲ್ಲಿಸಬೇಡಿ!" ಎಂದು ಹಿಡಿದು ಅಲುಗಿಸಿದೆ. ಮೊದಲು ತುಟಿ ಅಲುಗಿತು, ಆಮೇಲೆ ದನಿ ಬಂತು.

ಕೊನೆಗೆ ಬಾಗಿಲ ಸಂದಿಯಲ್ಲಿ ಕಬ್ಬಿಣದ ಸರಳು ಕಂಡಾಗ ಅವರ ಗಂಟಲಲ್ಲಿ ಬರೀ ಗಾಳಿ ಉಳಿದಿತ್ತು. ಲಿಫ್ಟ್ ಕಂಪನಿಯವರು ಅರ್ಧ ತೆರೆದ ಬಾಗಿಲಿನಿಂದ ನನ್ನನ್ನು ಮೇಲಕ್ಕೆತ್ತಿದರು. ಸಂಜೆಗೆ ಮುಂಚೆ, ಆಸ್ಪತ್ರೆಯಲ್ಲಿ, ಮಗಳು ಹುಟ್ಟಿದಳು. ಅವಳ ಅಳು ಕೇಳುವವರೆಗೂ ನನ್ನ ಹಲ್ಲು ಕಟಕಟ ಎನ್ನುತ್ತಲೇ ಇತ್ತು.

ಮಗಳು ಅಜ್ಜಿಯ ಮನೆಯಲ್ಲೇ ಮಾತು ಕಲಿತಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಜಪಾನಿಯಲ್ಲಿ, ಅದೂ ರಾಕ್ ಗಾಯಕನ ಗತ್ತಿನಲ್ಲಿ ಉತ್ತರ ಕೊಡುತ್ತಿದ್ದಳು. "ಅಜ್ಜಿ ಹತ್ರ ರೌಡಿ ಜಪಾನೀಸ್ ಕಲೀತಿದಾಳೆ," ಎಂದು ನನ್ನ ಗಂಡ ನಗುತ್ತಿದ್ದ.

ಕಳೆದ ಚಳಿಗಾಲದಲ್ಲಿ ಅಜ್ಜಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ.

ತೀರಿಹೋಗುವುದಕ್ಕೆ ಹಿಂದಿನ ದಿನ ಅವರನ್ನು ನೋಡಲು ಹೋಗಿದ್ದೆ. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. "ಹೆದರಿಕೆ," ಎಂದರು, ಅಷ್ಟೇ. ಧನ್ಯವಾದ ಹೇಳಲು, ಅರಿಗಾತೋ ಎನ್ನಲು ಬಾಯಿ ತೆರೆದೆ. ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಂಡಾಗಲೂ ಹೇಳುವ ಮಾತು ಅದು, ಆಗ ಸಾಲದೆನಿಸಿತು. ಕೈ ಹಿಡಿದು ಕನ್ನಡದಲ್ಲೇ ಹೇಳಿದೆ: "ನೀವಿಲ್ದಿದ್ರೆ ನಾವಿಬ್ರೂ ಇರ್ತಿರ್ಲಿಲ್ಲ, ಅಜ್ಜಿ."

ಅವರು ಮಾಸ್ಕ್ ಸರಿಸಿದರು. "ಅದು ಯಾರ ಹಾಡು?"

"ನನ್ನದು," ಎಂದೆ.

"ಇನ್ನೊಮ್ಮೆ."

ಹೇಳಿದೆ. ನರ್ಸ್ ಬಂದು ಹೊತ್ತಾಯಿತು ಎನ್ನುವವರೆಗೂ ಅದನ್ನೇ ಹೇಳುತ್ತ ಕುಳಿತಿದ್ದೆ.