ಧಾರವಾಡದಾಗ ಕಡಿಮಿ, ಹುಬ್ಬಳ್ಳ್ಯಾಗ ಜಾಸ್ತಿ

ಕೆಲವು ದಿನ ಧಾರವಾಡದ ಕೆಲಗೇರಿಯಲ್ಲಿ ನಾನು ಎಣ್ಣೆ ಹೊಡೆಯುತ್ತೇನೆಂದು ಸುದ್ದಿಯಾಗಿತ್ತು. ಹೊಡೆಯುತ್ತಿದ್ದದ್ದು ನಾನಲ್ಲ, ನಮ್ಮ ಕಾಕಾನ ಕಾರು. ತಪ್ಪು ನಮ್ಮ ವ್ಯಾಕರಣದ್ದು. ನಮ್ಮ ಕಡೆ ಮನೆಯ ಹುಡುಗರಿಗೆ ‘ಅವನು’ ಎಂಬಷ್ಟು ದೊಡ್ಡ ಪದವಿ ಸುಲಭಕ್ಕೆ ಸಿಗುವುದಿಲ್ಲ, ‘ಅದು’ ಎಂದರೆ ಮುಗಿಯಿತು. “ನಮ್ಮದು ಇನ್ನೂ ಮಲಗೇತಿ”, “ನಮ್ಮದಕ್ಕ ಉಪ್ಪಿಟ್ಟು ಸೇರೂದಿಲ್ಲ” ಎಂದರೆ ಅದು ನಾನು. ಹೀಗಿರುವಾಗ ಕಾಕಾ ಅಂಗಳದಲ್ಲಿ ನಿಂತು, ಫೋನು ಕೆಟ್ಟಿದ್ದರೂ ಆ ಕಡೆಯವರಿಗೆ ಕೇಳಿಸುವಂಥ ದನಿಯಲ್ಲಿ, “ನಮ್ಮದು ಈಗೀಗ ಭಾಳ ಎಣ್ಣಿ ಕುಡಿಯಾಕತ್ತೇತಿ ನೋಡ್ರಿ. ವಾರಾ ವಾರಾ ಬೇಕು ಅದಕ್ಕ. ಹಿಂದಿನಿಂದ ಹೊಗಿ ಬ್ಯಾರೆ ಬಿಡತೇತಿ” ಎಂದರೆ, ಪಕ್ಕದ ಮನೆಯ ಶಾಂತಕ್ಕ ಏನೆಂದು ತಿಳಿಯಬೇಕು?

ಮರುದಿನ ಕಾಂಪೌಂಡಿನ ಮೇಲಿಂದ ಮುಖ ಹಾಕಿ ಮೆಲ್ಲಗೆ ಕೇಳಿದಳು: “ಯಾವಾಗಿಂದ ಶುರು ಮಾಡಿದ್ಯೋ ತಮ್ಮಾ? ಕುಡಿಯೂದು ಕುಡಿ, ಖಾಲಿ ಹೊಟ್ಟೀಲೆ ಮಾತ್ರ ಕುಡೀಬ್ಯಾಡ.”

“ನಾ ಅಲ್ಲಕ್ಕಾ, ಅದು ಗಾಡಿ.”

“ಪಾಪ, ಗಾಡಿ ಮ್ಯಾಲ ಹಾಕಬ್ಯಾಡ.”

ಎಣ್ಣೆ ಎಂಬುದು ಮೂಲತಃ ಬಹಳ ಮರ್ಯಾದಸ್ಥ ಪದ. ಎಳ್ಳಿನ ನೆಯ್, ಎಂದರೆ ಎಳ್ಳಿನ ತುಪ್ಪ, ಅದೇ ಎಣ್ಣೆಯಾಯಿತೆಂದು ತಿಳಿದವರು ಹೇಳುತ್ತಾರೆ. ಎಳ್ಳಿನ ಮನೆಯಿಂದ ಹೊರಟ ಪದ ಶೇಂಗಾ, ಕುಸುಬಿಗಳ ಸಂಬಂಧ ಬೆಳೆಸಿ, ಇಂಜಿನ್ನಿಗೂ ಇಳಿದು, ಕಡೆಗೆ ಬಾರಿನಲ್ಲಿ ಹೋಗಿ ಕುಳಿತಿತು. ದೊಡ್ಡ ಮನೆತನಗಳಲ್ಲಿ ಹೀಗೆ ಆಗುವುದುಂಟು.

ಕಾಕಾ ನಲವತ್ತು ವರ್ಷ ಹತ್ತಿಯ ವ್ಯಾಪಾರ ಮಾಡಿದವರು. ಒಂದು ಎಳೆ ಹತ್ತಿಯನ್ನು ಬೆರಳಲ್ಲಿ ಹೊಸೆದು ಅದರ ಜಾತಕ ಹೇಳುವವರು ಇಂಜಿನ್ನಿನ ಎಣ್ಣೆಯನ್ನೂ ಬೆರಳಲ್ಲಿ ಹೊಸೆದು ನೋಡುತ್ತಿದ್ದರು. ಪ್ರತಿ ಭಾನುವಾರ ಸಂತೆಯಿಂದ ಬಂದು ಮನೆಯ ಮುಂದೆ ಕಾರು ನಿಲ್ಲಿಸಿ, ಮೆಂತೆಸೊಪ್ಪು ಕಂಕುಳಲ್ಲಿರುವಾಗಲೇ ಬಾನೆಟ್ ಎತ್ತಿ ಕಡ್ಡಿ ಎಳೆಯುವುದು ಅವರ ಕ್ರಮ. ಇಂಜಿನ್ನಿನ ಹೊಟ್ಟೆಗೆ ಇಳಿಬಿಟ್ಟ ಆ ಉದ್ದನೆಯ ಕಡ್ಡಿಗೆ ಎರಡು ಗುರುತುಗಳಿರುತ್ತವೆ. ಕೆಳಗಿನ ಗುರುತಿನ ಅರ್ಥ ‘ಹಸಿವಾಗಿದೆ’, ಮೇಲಿನದರ ಅರ್ಥ ‘ಸಾಕು’. ಎಣ್ಣೆ ಇವೆರಡರ ನಡುವೆ ಇರಬೇಕು. ಆದರೆ ನಮ್ಮ ಓಣಿ ಕೆರೆಯ ಕಡೆಗೆ ಜಾರುವ ಓಣಿ. ನಮ್ಮ ಗೇಟಿನಲ್ಲಿ ಕೈತಪ್ಪಿದ ನಿಂಬೆಹಣ್ಣು ನೇರವಾಗಿ ಸ್ನಾನಕ್ಕೇ ಹೋಗುತ್ತದೆ. ಅಲ್ಲಿ ಮೂತಿ ಮೇಲೆ ಮಾಡಿ ನಿಂತ ಕಾರಿನ ಕಡ್ಡಿಯಲ್ಲಿ ಎಣ್ಣೆ ಯಾವಾಗಲೂ ಕೆಳಗಿನ ಗುರುತಿನ ಹತ್ತಿರವೇ ಕಾಣುತ್ತಿತ್ತು. ನನಗೂ ಒಮ್ಮೆ ತೋರಿಸಿದರು. ಏನೂ ತಿಳಿಯದಿದ್ದರೂ ಮೆಕ್ಯಾನಿಕರ ಹಾಗೆ ಕಣ್ಣು ಕಿರಿದು ಮಾಡಿ “ಹ್ಞೂಂ” ಎನ್ನುವುದು ನನಗೆ ಚೆನ್ನಾಗಿ ಬರುತ್ತದೆ. ಅಂದೆ. ಕಾಕಾ ಅದನ್ನೇ ಪ್ರಮಾಣವಾಗಿ ತೆಗೆದುಕೊಂಡು ಡಬ್ಬಿ ಬಗ್ಗಿಸಿದರು.

ಇನ್ನು ‘ಸಾಕು’. ನಮ್ಮ ಮನೆಗಳಲ್ಲಿ ಈ ಪದಕ್ಕೆ ಕಿಮ್ಮತ್ತಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವನ ಬೆರಳಸಂದಿಯಲ್ಲಿ ತುಪ್ಪ ಬಿಡುವವರು ನಾವು. ಕಟ್ಟೆಯ ಮೇಲೆ ಕುಳಿತ ಕಾಕಾನ ಹೆಂಡತಿ, ನಮ್ಮ ಕಾಕು, ಕಾರಿಗೂ ಅದೇ ನ್ಯಾಯ ಹೇಳುತ್ತಿದ್ದಳು: “ಇನ್ನೊಂದ ಸ್ವಲ್ಪ ಹಾಕ್ರಿ, ಹುಬ್ಬಳ್ಳಿತನಕಾ ಹೋಗಿ ಬರಬೇಕು ಅದು.” ಹಾಕಿದರು. ವಾರ ವಾರ ಹಾಕಿದರು. ಕಡೆಗೊಂದು ದಿನ ಕಾರು ಹಿಂದಿನಿಂದ ನೀಲಿ ಹೊಗೆ ಬಿಟ್ಟಿತು. ಕುಡುಕನೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

“ಕುಡುಕರನ್ನ ಮನ್ಯಾಗ ಇಟಗೊಂಡು ಯಾರ ಮನೆತನಾನೂ ಉದ್ಧಾರ ಆಗಿಲ್ಲ. ಮಾರಿಬಿಡೂದ,” ಎಂದರು ಕಾಕಾ.

ಆ ಕಾರಿನ ಮೇಲೆ ನನಗೂ ಕಣ್ಣಿತ್ತು. ಮದುವೆ, ಕಾಲೇಜಿನ ಗ್ಯಾದರಿಂಗ್ ಎಂದು ಕರೆದಲ್ಲಿ ಹೋಗಿ ಮಂದಿಯ ದನಿಗಳನ್ನು ಅಣಕಿಸಿ ಹೊಟ್ಟೆ ಹೊರೆಯುವವನು ನಾನು. ನನ್ನ ಸೌಂಡ್ ಬಾಕ್ಸು ನನಗಿಂತ ದಪ್ಪ. ಬಸ್ಸಿನಲ್ಲಿ ಹತ್ತಿಸಿದರೆ ಕಂಡಕ್ಟರು ಅದಕ್ಕೆ ಕೂಡಲು ಸೀಟು ಕೊಟ್ಟು ನನ್ನನ್ನು ನಿಲ್ಲಿಸುತ್ತಾನೆ. ಇನ್ನೇನು ಕಾಕಾ “ಇದನ್ನ ಇನ್ನ ನೀನ ಹೊಡಿಯಪಾ” ಎನ್ನುತ್ತಾರೆಂದು ನಾನು ಎರಡು ವರ್ಷದಿಂದ ಅವರ ಕೆಮ್ಮನ್ನು ಅಣಕಿಸುವುದನ್ನೂ ಬಿಟ್ಟಿದ್ದೆ. ಅಂಥ ತ್ಯಾಗ ಮಾಡಿದವನ ಕಣ್ಣೆದುರಿಗೇ ಕಾರು ಹುಬ್ಬಳ್ಳಿಯ ಕೇಶ್ವಾಪುರದ ಮಹಾಂತಪ್ಪನವರ ಪಾಲಾಗಲು ಹೊರಟಿತು. ಮೇಲೆ, ಅದನ್ನು ಅಲ್ಲಿಗೆ ನಡೆಸಿಕೊಂಡು ಹೋಗುವ ಕೆಲಸವೂ ನನಗೇ ಬಂತು.

ಮಹಾಂತಪ್ಪನವರು ಕಾಕಾನ ಹಳೆಯ ವ್ಯಾಪಾರದ ಗೆಳೆಯರು. ಅವರ ಮನೆಯ ಮುಂದಿನ ರಸ್ತೆ ರೊಟ್ಟಿಯ ಹಂಚಿನ ಹಾಗೆ ಸಪಾಟು. ಕಾರು ನಿಲ್ಲಿಸುತ್ತಲೇ ಕಾಕಾ ಕಡ್ಡಿಗೆ ಕೈ ಹಾಕಲು ಹೋದರು. “ಗಾಡಿ ಎಲ್ಲಿ ಓಡಿ ಹೋಗತೇತ್ರಿ, ಮೊದಲ ಚಾ ಕುಡೀರಿ,” ಎಂದು ಮಹಾಂತಪ್ಪನವರು ಒಳಗೆ ಎಳೆದುಕೊಂಡು ಹೋದರು. ಚಹಾ ಮುಗಿದು, ಮಳೆ, ಹತ್ತಿ, ಮೊಣಕಾಲು ಎಲ್ಲದರ ಮಾತೂ ಮುಗಿದ ಮೇಲೆ ಹೊರಗೆ ಬಂದೆವು. ಅವರು ಕಡ್ಡಿ ಎಳೆದು, ಅರಿವೆಯಿಂದ ಒರೆಸಿ, ಪೂರ್ತಿ ಒಳಗೆ ತುರುಕಿ, ಮತ್ತೆ ಎಳೆದು ನೋಡಿದರು. ಎಣ್ಣೆ ಮೇಲಿನ ಗುರುತನ್ನೂ ದಾಟಿ ಒಂದು ಬೆರಳು ಏರಿತ್ತು.

“ಕುಡೀತೇತಿ ಅಂದ್ರಿ, ಇದು ಕಾರಿಕೊಳ್ಳಾಕ ಬಂದೇತಲ್ರಿ.”

ಕಾಕಾ ಕಡ್ಡಿ ಕಸಿದುಕೊಂಡು ನೋಡಿದರು. “ಧಾರವಾಡದಾಗ ಕಡಿಮಿನ ಇತ್ತು. ಹುಬ್ಬಳ್ಳಿಗೆ ಬಂದ ಕೂಡ್ಲೆ ಎಲ್ಲಾರೂ ಇದ್ದದ್ದಕ್ಕಿಂತ ಹೆಚ್ಚ ತೋರಸ್ತಾರ ಬಿಡ್ರಿ.”

“ಧಾರವಾಡದವರು ಇದ್ದದ್ದನ್ನ ಮುಚ್ಚಿಟ್ಟು ಕಡಿಮಿ ತೋರಸ್ತೀರಿ, ಅದನ್ನೂ ಹೇಳ್ರಿ.”

ಇಪ್ಪತ್ತು ಕಿಲೋಮೀಟರು ಓಡಿದರೆ ಎಣ್ಣೆ ಸುಡಬೇಕು, ಹುಟ್ಟಬಾರದು. ಇಬ್ಬರು ವ್ಯಾಪಾರಸ್ಥರೂ ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡುತ್ತಿರುವಾಗ, ಬೇಡವೆಂದಿದ್ದ ಎರಡನೆಯ ಚಹಾ ಬಂತು. ಕಾಕಾ ಸಿಟ್ಟಿನಲ್ಲಿಯೇ ಕಪ್ಪಿನಿಂದ ಬಸಿಗೆ ಸುರುವಿಕೊಂಡು ಎತ್ತಿದರು. ಬಸಿ ಓರೆಯಾಯಿತು. ಚಹಾವೆಲ್ಲ ಅವರ ಕಡೆಗೆ ಸರಿದು, ನನ್ನ ಕಡೆಯ ಅರ್ಧ ಬಸಿ ಬೆಳ್ಳಗೆ ಒಣಗಿ ನಿಂತಿತು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ವ್ಯಾಪಾರ ಅಲ್ಲಿಯೇ ಮುರಿಯುತ್ತಿತ್ತು. ಆದರೆ ಬಾಯಿ ಮುಚ್ಚಿಕೊಳ್ಳುವುದು ನನ್ನ ಕಸುಬಿನಲ್ಲಿಲ್ಲ.

“ಕಾಕಾ, ಬಸಿ ಹಂಗ ಹಿಡೀರಿ. ಈ ಕಡಿಂದ ನೋಡಿದ್ರ ಚಾ ಐತೇನ್ರಿ?”

“ಇಲ್ಲ.”

“ಯಾರ ಕುಡದ್ರು?”

“ಯಾರ ಕುಡೀತಾರೋ ಹುಚ್ಚಪ್ಪಾ, ಬಸಿ ವಾಲೇತಿ.”

“ನಮ್ಮ ಓಣ್ಯಾಗ ಗಾಡಿನೂ ಹಂಗ ವಾಲಿ ನಿಂದರತೇತ್ರಿ.”

ಕಾಕಾ ಬಸಿಯನ್ನು ಅತ್ತ ಒಮ್ಮೆ, ಇತ್ತ ಒಮ್ಮೆ ವಾಲಿಸಿ ನೋಡಿದರು. ಮಹಾಂತಪ್ಪನವರು ಮುಂದುವರಿಸಿದರು: “ಮತ್ತ ಗಾಡಿ ನಿಂತ ಕೂಡ್ಲೆ ಕಡ್ಡಿ ಎಳೀತೀರಿ. ಮ್ಯಾಲ ಏರಿದ ಎಣ್ಣಿ ಕೆಳಗ ಇಳಿಯಾಕ ಒಂದು ಚಾದಷ್ಟು ಹೊತ್ತಾದ್ರೂ ಬ್ಯಾಡೇನ್ರಿ? ಕಡಿಮಿ ಕಾಣತೇತಿ, ನೀವು ಸುರೂವ್ತೀರಿ. ಹಂಗ ಹೊಟ್ಟಿ ಬಿರಿಯೂವಂಗ ಉಣಿಸಿದ್ರ ಹೊಗಿ ಬರದ ಏನ್ ಬರತೇತಿ?” ಅಷ್ಟು ಹೇಳುತ್ತಲೇ ಅವರ ಮುಖ ಅರಳಿತು. “ಅಂದ್ರ ಗಾಡಿ ಶುದ್ಧ ಐತಿ ಅಂದಂಗಾತು. ನಾ ತಗೋತೇನ್ರಿ.”

ಆ ಕ್ಷಣ ನನ್ನ ಎದೆಗೆ ಕಡ್ಡಿ ಇಳಿಸಿದ್ದರೆ ತುದಿಯೂ ಒದ್ದೆಯಾಗುತ್ತಿರಲಿಲ್ಲ.

ಕಾಕಾ ಬಸಿಯ ಚಹಾ ಸೊರ್ರೆಂದು ಕುಡಿದು, ಮೀಸೆ ಒರೆಸಿಕೊಂಡು ಹೇಳಿದರು: “ನಾ ಕೊಡಾಕ ಬಂದದ್ದು ಕುಡುಕನ್ನ. ಇದು ಕುಡುಕ ಅಲ್ಲಂದ ಮ್ಯಾಲ ಹೆಂಗ ಕೊಡ್ಲಿ?”

“ಇದೆಂಥಾ ಮಾತ್ರಿ? ಕೆಟ್ಟದ್ದಾದ್ರ ನಮಗ, ಛಲೋದಾದ್ರ ನಿಮಗ?”

“ಖರೇನ ಕುಡಿಯಾಕ ಹತ್ತಿದ ದಿನ ನಿಮ್ಮನಿ ಮುಂದ ತಂದು ನಿಂದ್ರಸ್ತೇನಿ. ಮಾತಂದ್ರ ಮಾತು.”

ಹೆಚ್ಚಾದ ಎಣ್ಣೆಯನ್ನು ಅಲ್ಲಿಯೇ ಒಂದು ಗ್ಯಾರೇಜಿನಲ್ಲಿ ಇಳಿಸಿಕೊಂಡು ಹೊರಟೆವು. ದಾರಿಯಲ್ಲಿ ನವಲೂರು ದಾಟಿದ ಮೇಲೆ ಕಾಕಾ, ಕಿಟಕಿಯಾಚೆ ನೋಡುತ್ತ, “ಇನ್ನ ನೀನ ಹೊಡಿಯಪಾ ಇದನ್ನ,” ಎಂದರು. ಹಿಂದೆ ಹೊಗೆ ಇರಲಿಲ್ಲ.

ಆ ಮಾತು ಇನ್ನೂ ನಡೆದಿದೆ. ಧಾರವಾಡದಲ್ಲಿ ಸಪಾಟಾದ ನೆಲ ಇಲ್ಲವೆಂದು ಒಪ್ಪಲು ಕಾಕಾನ ಅಭಿಮಾನ ಬಿಡುವುದಿಲ್ಲ. ಆದರೂ ತಿಂಗಳಿಗೊಮ್ಮೆ, ಏನೋ ಬೇರೆ ಕೆಲಸವಿದ್ದವರ ಹಾಗೆ, ನನ್ನನ್ನೂ ಕಾರನ್ನೂ ಕೇಶ್ವಾಪುರಕ್ಕೆ ಹೊರಡಿಸುತ್ತಾರೆ. ಮಹಾಂತಪ್ಪನವರು ಚಹಾದ ಜೊತೆ ಒರೆಸುವ ಅರಿವೆಯನ್ನೂ ಸಿದ್ಧವಾಗಿಟ್ಟಿರುತ್ತಾರೆ. ಚಹಾ ಮುಗಿದ ಮೇಲೆ ಮೂವರೂ ಬಾನೆಟ್ಟಿನ ಮೇಲೆ ಬಾಗುತ್ತೇವೆ. ಅವರಿಗೆ ಎಣ್ಣೆ ಇಳಿದಿರಬೇಕು, ನಮಗೆ ಇಳಿದಿರಬಾರದು. ಕಡ್ಡಿ ಮಾತ್ರ ಯಾರ ಮುಖವನ್ನೂ ನೋಡದೆ ಹೊರಗೆ ಬರುತ್ತದೆ.

“ನಡುವ ಐತಿ,” ಎನ್ನುತ್ತಾರೆ ಮಹಾಂತಪ್ಪನವರು, ಆಸ್ತಿವಂತ ಮುದುಕನ ಜ್ವರ ಇಳಿದ ಸುದ್ದಿ ಕೇಳಿದ ವಾರಸುದಾರನ ದನಿಯಲ್ಲಿ. ನನಗೆ ನಗೆ ತಡೆಯುವುದಿಲ್ಲ. ಆದರೂ ತಡೆಯುತ್ತೇನೆ, ಅದೇ ಮುದುಕನ ಇನ್ನೊಬ್ಬ ವಾರಸುದಾರ ನಾನೇ ಅಲ್ಲವೇ.